ಮುಚ್ಚಿಗೆಯ ಮೇಲೆ

ನಾನು ವಯರ್‌ಮನ್. ಕಾರ್ಕಳ ತಾಲೂಕಿನ ಒಂದು ಹಳ್ಳಿಯಲ್ಲಿ ನನ್ನ ಮನೆ. ಮನೆಗಳ ವಯರಿಂಗ್, ತೋಟದ ಪಂಪಿನ ಸ್ಟಾರ್ಟರ್ ರಿಪೇರಿ, ಕೋಲ, ಜಾತ್ರೆ, ಮದುವೆಗಳ ಲೈಟಿಂಗ್ ನನ್ನ ಕಸುಬು. ಕೆಲವು ವರ್ಷಗಳಿಂದ ಸೋಲಾರ್ ಕೆಲಸವೂ ಸೇರಿಕೊಂಡಿದೆ. ಆರ್ಡರ್ ಹಿಡಿಯುವುದು ದೊಡ್ಡ ಊರಿನ ಕಂಪನಿಗಳು. ಮಾಡು ಹತ್ತಿ ಪ್ಯಾನೆಲ್ ಕೂರಿಸುವುದು ನಮ್ಮಂಥವರು.

ನಮ್ಮ ಅಂಗಳದಲ್ಲಿ ನಿಂತರೆ ಚರ್ಚಿನ ಗಂಟೆ ಗೋಪುರ ಕಾಣುತ್ತದೆ. ಚರ್ಚಿಗೆ ನೂರು ವರ್ಷ ದಾಟಿ ಬಹಳ ಕಾಲವಾಯಿತು. ಮುರಕಲ್ಲಿನ ದಪ್ಪ ಗೋಡೆ, ಸುಣ್ಣದ ಗಾರೆ, ಕಡಿದಾದ ಹಂಚಿನ ಮಾಡು. ನಾವು ಆ ಧರ್ಮದವರಲ್ಲ. ಮನೆಯ ದೈವಕ್ಕೆ ವರ್ಷಕ್ಕೊಮ್ಮೆ ತಂಬಿಲ ಕೊಡುವವರು. ಆದರೆ ಕ್ರಿಸ್ಮಸ್ಸಿಗೆ, ವರ್ಷದ ಹಬ್ಬ ಸಾಂತ್‌ಮಾರಿಗೆ ಆ ಚರ್ಚಿನ ಲೈಟಿಂಗ್ ಅಪ್ಪನ ಕಾಲದಿಂದಲೂ ನಮ್ಮದೇ.

ಸೋಲಾರ್ ಮಾತು ಎದ್ದದ್ದು 2024ರಲ್ಲಿ. ಚರ್ಚ್, ಫಾದರ್ ಬಂಗ್ಲೆ, ಹಾಲ್, ಬೋರ್‌ವೆಲ್ ಪಂಪ್ ಎಲ್ಲ ಸೇರಿ ತಿಂಗಳಿಗೆ ಏಳೆಂಟು ಸಾವಿರ ಕರೆಂಟ್ ಬಿಲ್ ಬರುತ್ತಿತ್ತು. ಊರಿನ ಪೊರ್ಬುಗಳ, ಅಂದರೆ ಕ್ರೈಸ್ತರ, ಮನೆಗಳಲ್ಲಿ ಈಗ ಇರುವುದು ಹೆಚ್ಚಾಗಿ ಮುದುಕರು. ಮಕ್ಕಳು ಮುಂಬೈಯಲ್ಲಿ, ದುಬೈಯಲ್ಲಿ, ಕುವೈತಿನಲ್ಲಿ. ಕೆಲವು ಮನೆಗಳಿಗೆ ಬೀಗವೇ ಬಿದ್ದಿದೆ. ಬರುವ ಕಾಣಿಕೆ ಬಿಲ್ಲಿಗೆ ಹೋದರೆ ಹಳೆಯ ಕಟ್ಟಡದ ರಿಪೇರಿಗೆ ಏನೂ ಉಳಿಯುವುದಿಲ್ಲ. ಫಾದರ್ ಹೇಳಿದ್ದು ಇಷ್ಟೇ: ಬಿಲ್ ಉಳಿದರೆ ಆ ದುಡ್ಡಿನಲ್ಲಿ ಮಾಡು ಸರಿ ಮಾಡಬಹುದು.

ಪೋಪ್ ಫ್ರಾನ್ಸಿಸ್ 2015ರಲ್ಲಿ ಭೂಮಿಯ ಬಗ್ಗೆ ‘ಲೌದಾತೊ ಸಿ’ ಎಂಬ ದೊಡ್ಡ ಪತ್ರ ಬರೆದಿದ್ದರಂತೆ. ಅದಕ್ಕೂ ಮೊದಲೇ, 2008ರಲ್ಲಿ, ವ್ಯಾಟಿಕನ್ನಿನ ದೊಡ್ಡ ಸಭಾಂಗಣದ ಮೇಲೆ ಎರಡು ಸಾವಿರಕ್ಕೂ ಹೆಚ್ಚು ಪ್ಯಾನೆಲ್ ಹಾಕಿದ್ದರಂತೆ. ಭಾನುವಾರದ ಪೂಜೆಯಲ್ಲಿ ಫಾದರ್ ಇದನ್ನು ಹೇಳಿದರು. ನಾನು ಹೊರಗೆ ಮೈಕಿನ ಹತ್ತಿರ ನಿಂತು ಕೇಳಿಸಿಕೊಂಡೆ.

ಸರ್ಕಾರದ ಸಬ್ಸಿಡಿ ಸಿಗುತ್ತದೆ ಎಂದು ಹಲವರು ನಂಬಿದ್ದರು. ಆ ವರ್ಷ ಫೆಬ್ರವರಿಯಲ್ಲಷ್ಟೇ ಪಿಎಂ ಸೂರ್ಯ ಘರ್ ಯೋಜನೆ ಬಂದಿತ್ತು. ಮೂರು ಕಿಲೋವಾಟ್ ಅಥವಾ ಅದಕ್ಕಿಂತ ದೊಡ್ಡದು ಹಾಕಿಸಿದರೆ 78,000 ರೂಪಾಯಿ. ಆದರೆ ಅದು ವಾಸದ ಮನೆಗಳಿಗೆ. ಚರ್ಚಿಗೆ, ದೇವಸ್ಥಾನಕ್ಕೆ, ಮಸೀದಿಗೆ ಇಲ್ಲ. ಹತ್ತು ಕಿಲೋವಾಟಿಗೆ ಸುಮಾರು ಆರು ಲಕ್ಷ. ಅಷ್ಟನ್ನೂ ಊರಿನವರೇ ಹುಟ್ಟಿಸಬೇಕಿತ್ತು.

ಹುಟ್ಟಿಸಿದರು. ಪ್ರತಿ ವಾಳೆಯ, ಅಂದರೆ ವಾರ್ಡಿನ, ಗುರಿಕಾರರು ರಿಜಿಸ್ಟರ್ ಹಿಡಿದು ಮನೆಮನೆಗೆ ಹೋದರು. ಪೂಜೆ ಮುಗಿದ ಮೇಲೆ ಅಂಗಳದಲ್ಲಿ ಏಲಂ ಆಗುತ್ತಿತ್ತು. ತೆಂಗಿನಕಾಯಿ, ಬಾಳೆಗೊನೆ, ಊರಿನ ಕೋಳಿ, ಕುಂಬಳಕಾಯಿ. ಒಬ್ಬರು ಒಂದು ಕುಂಬಳಕಾಯಿಯನ್ನು ಮೂರು ಸಾವಿರಕ್ಕೆ ಹಿಡಿದು, ಮತ್ತೆ ಏಲಂ ಹಾಕಿ ಎಂದು ವಾಪಸು ಕೊಟ್ಟರು. ಕುವೈತಿನಲ್ಲಿರುವ ಅಣ್ಣತಮ್ಮಂದಿರು ತೀರಿಹೋದ ತಾಯಿಯ ನೆನಪಿಗೆ ಎರಡು ಪ್ಯಾನೆಲ್‌ನ ದುಡ್ಡು ಕಳಿಸಿದರು. ಪ್ಯಾನೆಲ್ ಮೇಲೆ ಹೆಸರು ಬರೆಸಬಹುದಾ ಎಂದು ಕೇಳಿದರಂತೆ. ಹೆಸರು ರಿಜಿಸ್ಟರಿನಲ್ಲಿ ಇರುತ್ತದೆ ಎಂದು ಫಾದರ್ ಹೇಳಿದರು. ದಿನಕ್ಕೆ ಇಷ್ಟು ಸಾವಿರ ಬೀಡಿ ಎಂದು ಲೆಕ್ಕ ಹಾಕಿ ಬದುಕುವ ಮನೆಗಳೂ ಕೊಟ್ಟವು. ನನ್ನ ಹೆಂಡತಿಯೂ ಬೀಡಿ ಕಟ್ಟುವವಳು. ಆ ದುಡ್ಡು ಹೇಗೆ ಬರುತ್ತದೆ ಎಂದು ನನಗೆ ಗೊತ್ತು.

ವಿರೋಧವೂ ಇತ್ತು. ಎಂಬತ್ತು ದಾಟಿದ ಒಬ್ಬ ಪೊರ್ಬು, ಹಿಂದೆ ಪಾಲನಾ ಪರಿಷತ್ತಿನಲ್ಲಿದ್ದವರು, ಸಭೆಯಲ್ಲಿ ಎದ್ದು ನಿಂತು ಬೇಡ ಎಂದರು. ‘ಅಜ್ಜಂದಿರು ಕಟ್ಟಿದ ಮಾಡು. ಅದರ ಮೇಲೆ ಕಬ್ಬಿಣ ಹೇರಬೇಡಿ’ ಎಂದರು. ಹಾಲ್ ಮೇಲೆ ಹಾಕಿ ಎಂದೂ ಹೇಳಿದರು. ಹಾಲಿನದ್ದು ಸಿಮೆಂಟ್ ಶೀಟು, ಮೇಲೆ ಎರಡು ಮಾವಿನ ಮರಗಳ ನೆರಳು. ಚರ್ಚಿನ ಬಾಗಿಲು ಪಡುವಣಕ್ಕೆ, ಬಲಿಪೀಠ ಮೂಡಣಕ್ಕೆ. ಹಾಗಾಗಿ ಮಾಡಿನ ಒಂದು ಇಡೀ ಮಗ್ಗುಲು ತೆಂಕಣಕ್ಕೆ ಮುಖ ಮಾಡಿತ್ತು. ನಮ್ಮ ಕಡೆ ಬಿಸಿಲಿಗೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಎದುರಿನಿಂದ ನೋಡುವವರಿಗೆ ಪ್ಯಾನೆಲ್ ಕಾಣುವುದೂ ಇಲ್ಲ. ಉಡುಪಿಯ ಬಿಷಪ್ ಹೌಸಿನಿಂದ ಒಪ್ಪಿಗೆ ಬಂತು.

ಭಾರದ ಲೆಕ್ಕವನ್ನು ಕಂಪನಿಯ ಎಂಜಿನಿಯರ್ ಹಾಳೆಯ ಮೇಲೆ ತೋರಿಸಿದರು. ನಾನೂ ಆ ಸಭೆಯಲ್ಲಿದ್ದೆ. 540 ವಾಟಿನ ಒಂದು ಪ್ಯಾನೆಲ್ ಸುಮಾರು 28 ಕಿಲೋ. ಅಂಥವು ಹತ್ತೊಂಬತ್ತು. ಚದರ ಮೀಟರಿಗೆ ಲೆಕ್ಕ ಹಾಕಿದರೆ, ಈಗಾಗಲೇ ಮಾಡಿನ ಮೇಲಿರುವ ಹಂಚಿನ ಭಾರದ ಅರ್ಧವೂ ಆಗುವುದಿಲ್ಲ. ಗಾಳಿಯ ಲೆಕ್ಕವೂ ಇತ್ತು. ಮಂಗಳೂರು ಕಡೆಗೆ ಸೆಕೆಂಡಿಗೆ 39 ಮೀಟರ್ ವೇಗದ ಗಾಳಿ ಹಿಡಿಯಬೇಕಂತೆ. ಆ ಲೆಕ್ಕದಲ್ಲಿ ತಪ್ಪಿರಲಿಲ್ಲ. ಆದರೆ ಪ್ಯಾನೆಲ್ ಕೂರಿಸಲು ಮಾಡಿನ ಮೇಲೆ ನಡೆದಾಡುವ ಮನುಷ್ಯರು ಅದರಲ್ಲಿ ಇರಲಿಲ್ಲ. ಪ್ಯಾನೆಲ್ಲಿನ ಭಾರ ಹಂಚಿಹೋಗುತ್ತದೆ. ಮನುಷ್ಯನ ಭಾರ ಒಂದು ಹೆಜ್ಜೆಯ ಮೇಲೆ ನಿಲ್ಲುತ್ತದೆ.

ಮೂರು ಕೊಟೇಶನ್ ಬಂದಿದ್ದವು. ಒಂದರಲ್ಲಿ ಆಚಾರಿಯನ್ನು ಕರೆಸಿ ಮಾಡು ಹೊತ್ತ ಪಕ್ಕಾಸುಗಳನ್ನೆಲ್ಲ ಪರೀಕ್ಷೆ ಮಾಡಿಸುವ ಖರ್ಚು, ಸುತ್ತ ಅಟ್ಟಣೆ ಕಟ್ಟುವ ಖರ್ಚು ಸೇರಿತ್ತು. ಅದು ಎಲ್ಲಕ್ಕಿಂತ ಹೆಚ್ಚಿನದ್ದು. ಕಡಿಮೆಯದ್ದು ಪಾಸಾಯಿತು. ಏಲಂ ಮಾಡಿ ಕೂಡಿಸಿದ ದುಡ್ಡು. ಕಡಿಮೆಯದ್ದನ್ನು ಆರಿಸಿದವರನ್ನು ನಾನು ಇವತ್ತಿಗೂ ದೂರುವುದಿಲ್ಲ. ಆದರೆ ಆ ಎರಡು ಸಾಲು ಬಿಟ್ಟು ದರ ಇಳಿಸಿದ ಕಂಪನಿಗೆ ಹಳೆಯ ಮಾಡು ಎಂದರೆ ಏನು ಎಂದು ಗೊತ್ತಿರಬೇಕಿತ್ತು.

2025ರ ಮಾರ್ಚ್ ಕೊನೆಯ ವಾರ ಕೆಲಸ ಶುರುವಾಯಿತು. ಚರ್ಚಿನವರಿಗೆ ಅದು ಈಸ್ಟರಿಗೆ ಮೊದಲಿನ ತಪಸ್ಸಿನ ಕಾಲ, ಮದುವೆಗಳಿರುವುದಿಲ್ಲ. ಮಳೆಗೂ ಸಮಯವಿತ್ತು. ನಾವು ನಾಲ್ಕು ಜನ. ಕಂಪನಿ ಕಳಿಸಿದ ಸೇಫ್ಟಿ ಬೆಲ್ಟ್ ಎರಡು. ಸೂರಿನ ಅಂಚಿನಲ್ಲಿ ನಿಂತು ಸಾಮಾನು ಎಳೆದುಕೊಳ್ಳುವ ಇಬ್ಬರು ಅವನ್ನು ಹಾಕಿಕೊಂಡರು. ನಾನು ಮತ್ತು ಒಬ್ಬ ಹುಡುಗ ಮೇಲಿನ ಸಾಲಿನಲ್ಲಿ ಹಂಚು ತೆಗೆದು ಪಕ್ಕಾಸಿಗೆ ಬ್ರಾಕೆಟ್ ಬಿಗಿಯುವುದು.

ಹಂಚಿನ ಮೇಲೆ ನಡೆಯುವುದಕ್ಕೆ ಒಂದು ಕ್ರಮ ಉಂಟು. ಬರಿಗಾಲು ಬೇಕು. ಹಂಚಿನ ನಡುವೆ ಕಾಲಿಡಬಾರದು. ಒಂದರ ಮೇಲೊಂದು ಕೂತಿರುವ ಜಾಗದಲ್ಲಿ, ಅಡಿಯಲ್ಲಿ ರೀಪು ಇರುವಲ್ಲಿ ಇಡಬೇಕು. ಬೆಳಿಗ್ಗೆ ಬೇಗ ಹತ್ತಬೇಕು. ಹತ್ತು ಗಂಟೆ ಕಳೆದರೆ ಹಂಚು ಕಾದು ಪಾದ ನಿಲ್ಲುವುದಿಲ್ಲ. ಅಪ್ಪ ಕಲಿಸಿದ್ದು ಹೀಗೆ. ನಾನು ಹಾಗೆಯೇ ನಡೆಯುತ್ತಿದ್ದೆ.

ಒಂಬತ್ತು ಗಂಟೆಯ ಸುಮಾರಿಗೆ ಮಾಡಿನ ನೆತ್ತಿಯ ಹತ್ತಿರ ಇದ್ದೆ. ಬಲಗಾಲು ಪಕ್ಕಾಸಿನ ಮೇಲೆಯೇ ಇತ್ತು. ಮರ ಮುರಿಯುವ ಸದ್ದು ಕೇಳಿತು. ಒಣ ಸದ್ದು. ದೊಡ್ಡದೇನೂ ಅಲ್ಲ. ಆಮೇಲೆ ಕಾಲಡಿ ಏನೂ ಇರಲಿಲ್ಲ.

ಆ ಚರ್ಚಿಗೆ ಹಂಚಿನ ಕೆಳಗೆ ಮರದ ಮುಚ್ಚಿಗೆ ಉಂಟು. ಹಂಚಿಗೂ ಮುಚ್ಚಿಗೆಗೂ ನಡುವೆ ಆಳೆತ್ತರಕ್ಕಿಂತ ಹೆಚ್ಚಿನ ಕತ್ತಲ ಜಾಗ. ನಾನು ಅದರೊಳಗೆ ಬಿದ್ದೆ. ಬಲ ತೊಡೆ ಒಂದು ತೊಲೆಗೆ ಬಡಿಯಿತು. ಎಡಗಾಲು ಮುಚ್ಚಿಗೆಯ ಹಲಗೆ ಒಡೆದು ಮಂಡಿಯವರೆಗೆ ಕೆಳಗೆ ಇಳಿಯಿತು. ಹೊಟ್ಟೆ, ಎದೆ ತೊಲೆಯ ಮೇಲೆ ಅಡ್ಡ ಬಿದ್ದವು. ಆ ತೊಲೆ ಅಲ್ಲಿಲ್ಲದಿದ್ದರೆ ಹಲಗೆ ಒಡೆದು ನಾನು ಇಪ್ಪತ್ತೈದು ಅಡಿ ಕೆಳಗಿನ ಬೆಂಚುಗಳ ಮೇಲೆ ಬೀಳುತ್ತಿದ್ದೆ.

ಮೊದಲು ನೋವು ಗೊತ್ತಾಗಲಿಲ್ಲ. ಉಸಿರು ಎಳೆಯಲು ಆಗಲಿಲ್ಲ. ಬಾಯಿತುಂಬ ಧೂಳು, ಬಾವಲಿ ಹಿಕ್ಕೆಯ ವಾಸನೆ. ಉಸಿರು ಬಂದ ಮೇಲೆ ಕಾಲು ಎಳೆದುಕೊಳ್ಳಲು ನೋಡಿದೆ. ಆಗ ನೋವು ಬಂತು. ಬಲ ತೊಡೆ ನಡುವಿನಲ್ಲಿ ಬಾಗಿತ್ತು, ಬಾಗಬಾರದ ಕಡೆಗೆ. ಅದನ್ನು ನೋಡಿದ ಮೇಲೆ ನಾನು ಕೂಗಿದೆ. ಏನು ಕೂಗಿದೆ ಎಂದು ನೆನಪಿಲ್ಲ. ಹುಡುಗ ಆಮೇಲೆ ಹೇಳಿದ: ಮೊದಲು ಅಮ್ಮನನ್ನು, ಮತ್ತೆ ನಮ್ಮ ದೈವವನ್ನು, ಮತ್ತೆ ಅವನ ಹೆಸರನ್ನು.

ಆಮೇಲೆ ನಾನು ಅಲುಗಾಡಲಿಲ್ಲ. ಅಲುಗಾಡಿದರೆ ಹಲಗೆ ಕಿರ್ ಎನ್ನುತ್ತಿತ್ತು. ನನ್ನ ಹೆದರಿಕೆಯೆಲ್ಲ ಆ ಸದ್ದಿನಲ್ಲಿತ್ತು. ಕಾಲು ಹೋದರೂ ಹೋಗಲಿ, ಹಲಗೆ ನಿಲ್ಲಲಿ ಎಂದುಕೊಂಡೆ. ತೊಲೆಯನ್ನು ಎರಡೂ ಕೈಯಿಂದ ತಬ್ಬಿ ಹಿಡಿದೆ. ಬೆರಳುಗಳು ಜೋಮು ಹಿಡಿದರೂ ಬಿಡಲಿಲ್ಲ.

ಹುಡುಗ ಗಂಟೆ ಗೋಪುರದ ಏಣಿ ಹತ್ತಿ, ಸಣ್ಣ ಕಿಂಡಿಯಿಂದ ನುಗ್ಗಿ, ತೊಲೆಯಿಂದ ತೊಲೆಗೆ ಕಾಲಿಟ್ಟು ನನ್ನ ಹತ್ತಿರ ಬಂದ. ಅವನಿಗೆ ಇಪ್ಪತ್ತು ತುಂಬಿರಲಿಲ್ಲ. ಅಳುತ್ತಿದ್ದ. ಆದರೂ ಬಂದ. ನನ್ನ ಅಂಗಿಯನ್ನು ಹಿಂದಿನಿಂದ ಮುಷ್ಟಿಯಲ್ಲಿ ಹಿಡಿದು ಕೂತ. ನಾನು ಜಾರಿದರೆ ಅವನಿಂದ ತಡೆಯಲು ಆಗುತ್ತಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

ನನ್ನ ಕಾಲು ಒಡೆದ ಹಲಗೆಯ ಸಂದಿಯಿಂದ ಚರ್ಚಿನ ಒಳಗು ಕಾಣುತ್ತಿತ್ತು. ಬೆಂಚಿನ ಸಾಲು, ಕೆಂಪು ನೆಲ, ಓಡಾಡುವ ತಲೆಗಳು. ಚರ್ಚ್ ಗುಡಿಸುವ ಬಾಯಮ್ಮ ನೇರ ಕೆಳಗೆ ನಿಂತು ಮೇಲೆ ನೋಡಿದರು. ತುಳುವಿನಲ್ಲಿ ನನ್ನ ಹೆಸರು ಹಿಡಿದು ಕರೆದು, ನೀರು ಬೇಕಾ ಎಂದು ಕೇಳಿದರು. ಬೇಕು ಎಂದೆ. ಅಷ್ಟರಲ್ಲಿ ಇನ್ನೊಂದು ದನಿ, ನೀರು ಕೊಡಬೇಡಿ, ಆಪರೇಷನ್ ಆಗಬೇಕಾದೀತು ಎಂದಿತು. ಕುವೈತಿನಲ್ಲಿ ನರ್ಸ್ ಆಗಿದ್ದ ಒಬ್ಬಾಕೆ ರಜೆಯಲ್ಲಿ ಊರಿಗೆ ಬಂದಿದ್ದರು. ಅವರು ಆ ಸಂದಿಯ ಕೆಳಗೆ ನಿಂತು ಹುಡುಗನಿಗೆ ಒಂದೊಂದೇ ಹೇಳಿಕೊಟ್ಟರು. ರಕ್ತ ಹೊರಗೆ ಬರುತ್ತಿದೆಯಾ ನೋಡು. ಪಾದ ಮುಟ್ಟು, ಬಿಸಿ ಉಂಟಾ. ಬೆರಳು ಆಡಿಸಲು ಹೇಳು. ಒಡೆದ ಹಲಗೆಯಿಂದ ಎಡಗಾಲನ್ನು ಮೆಲ್ಲ ಮೇಲೆ ತೆಗೆ. ಎರಡೂ ಕಾಲು ಒಟ್ಟಿಗೆ ಸೇರಿಸಿ ಕಟ್ಟು, ಬಿಗಿಯಾಗಿ ಬೇಡ.

ಹುಡುಗ ತನ್ನ ಬೈರಾಸಿನಿಂದ ಕಟ್ಟಿದ. ಸಾಲದೆ ಹೋದಾಗ ನನ್ನ ಬೈರಾಸನ್ನೂ ಸೇರಿಸಿದ. ಕಟ್ಟುವಾಗ ಆದ ನೋವನ್ನು ನಾನು ಬರೆಯುವುದಿಲ್ಲ. ಕಟ್ಟಿದ ಮೇಲೆ ಸ್ವಲ್ಪ ತಡೆದುಕೊಳ್ಳುವಂತಾಯಿತು.

ಕಾರ್ಕಳದಿಂದ ಅಗ್ನಿಶಾಮಕದವರು ಬರುವವರೆಗೆ ಕಾಯಬೇಕಿತ್ತು. ಎಷ್ಟು ಹೊತ್ತು ಎಂದು ನನಗೆ ಹೇಳಲು ಬರುವುದಿಲ್ಲ. ಬಿಸಿಲು ಏರಿತು. ಹಂಚಿನ ಅಡಿ ಕಾವು ಇಳಿಯತೊಡಗಿತು. ಮಾಡಿನಲ್ಲಿ ನಾನು ಬಿದ್ದ ತೂತಿನಿಂದ ಬೆಳಕಿನ ಕೋಲು ಒಳಗೆ ಬಂದಿತ್ತು. ಅದರಲ್ಲಿ ಹಂಚಿನ ಕೆಳಮೈ ಕಾಣುತ್ತಿತ್ತು. ಒಂದೊಂದರ ಮೇಲೂ ಕಾರ್ಖಾನೆಯ ಹೆಸರಿನ ಅಚ್ಚು. ಕೆಲವದರಲ್ಲಿ ಒತ್ತುವಾಗ ತಾಗಿದ ಬೆರಳಿನ ಗುರುತೂ ಇತ್ತು. ನಾನು ಅಕ್ಷರ ಓದಲು ನೋಡಿದೆ. ಓದಿದರೆ ಎಚ್ಚರ ತಪ್ಪುವುದಿಲ್ಲ ಎಂದು ಅನ್ನಿಸಿತು. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಶನ್ನಿನ ಪ್ಲೆಬ್ಸ್ಟ್ ಎಂಬ ಜರ್ಮನ್ 1865ರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದನ್ನು ಶಾಲೆಯಲ್ಲಿ ಕಲಿತಿದ್ದೆ. ಮುಳಿಹುಲ್ಲಿನ ಮಾಡುಗಳ ಊರಿಗೆ ಈ ಬಗೆಯ ಹಂಚು ಬಂದದ್ದು ಆಗ. ಈ ಹಂಚುಗಳನ್ನು ಹೊತ್ತು ಇಷ್ಟೆತ್ತರ ಏರಿಸಿದವರು ಯಾರೋ. ಅವರಿಗೆ ಬೆಲ್ಟ್ ಇರಲಿಲ್ಲ. ಅವರಲ್ಲಿ ಯಾರಾದರೂ ಬಿದ್ದಿರಬಹುದು ಎಂದು ಆಗ ಯೋಚನೆ ಬಂತು. ಚರ್ಚಿನ ಗೋಡೆಯ ಕಲ್ಲಿನಲ್ಲಿ ಬಿಷಪರ ಹೆಸರು ಉಂಟು, ದಾನಿಗಳ ಹೆಸರು ಉಂಟು. ಬಿದ್ದವರ ಹೆಸರು ನಾನು ಎಲ್ಲೂ ನೋಡಿಲ್ಲ.

ಕೆಳಗೆ ಕೆಲವರು ಜಪಮಾಲೆ ಹೇಳಲು ಕೂತಿದ್ದರು. ಕೊಂಕಣಿಯಲ್ಲಿ ಒಂದೇ ಲಯದಲ್ಲಿ ಮಾತು ಮೇಲೆ ಬರುತ್ತಿತ್ತು. ನಡುನಡುವೆ ನನಗೆ ಮಂಪರು ಬರುತ್ತಿತ್ತು. ಆಗೆಲ್ಲ ಆ ನರ್ಸಮ್ಮ ನನ್ನ ಮಗಳ ಹೆಸರು ಏನು, ಯಾವ ಕ್ಲಾಸು ಎಂದು ಕೇಳುತ್ತಿದ್ದರು. ಪಿಯುಸಿ, ಪರೀಕ್ಷೆ ಮುಗಿದಿದೆ ಎಂದೆ. ಪರೀಕ್ಷೆಗೆ ಮೊದಲು ಇದು ಆಗಲಿಲ್ಲವಲ್ಲ ಎಂದು ಆಗಲೇ ಸಮಾಧಾನ ಅನ್ನಿಸಿತ್ತು.

ಅಗ್ನಿಶಾಮಕದವರು ಬಂದು ನೋಡಿದರು. ಕಿಂಡಿಯಿಂದ ಸ್ಟ್ರೆಚರ್ ಬರುವುದಿಲ್ಲ. ಮಾಡಿನ ಮೇಲಿಂದ ತೆಗೆಯಲು ಆ ಪಕ್ಕಾಸುಗಳನ್ನು ನಂಬುವಂತಿಲ್ಲ. ಮುಚ್ಚಿಗೆ ಕೊಯ್ದು ಚರ್ಚಿನ ಒಳಗೇ ಇಳಿಸಬೇಕು ಎಂದರು. ಆ ಮುಚ್ಚಿಗೆಗೆ ಹಳೆಯ ಕಾಲದ ಬಣ್ಣದ ಕೆಲಸ ಇತ್ತು. ಕೆಳಗೆ ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆಮೇಲೆ ಫಾದರ್ ಕೊಯ್ಯಿರಿ ಎಂದರು. ಗರಗಸ ತಂದುಕೊಟ್ಟವರು ಸಭೆಯಲ್ಲಿ ವಿರೋಧ ಮಾಡಿದ್ದ ಆ ಮುದಿ ಪೊರ್ಬು. ಅವರ ಮನೆ ಚರ್ಚಿನ ಪಕ್ಕದಲ್ಲೇ. ‘ನಾನು ಮೊದಲೇ ಹೇಳಿದ್ದೆ’ ಎಂಬ ಮಾತು ಅವತ್ತೂ ಅವರ ಬಾಯಿಂದ ಬರಲಿಲ್ಲ, ಆಮೇಲೂ ಬರಲಿಲ್ಲ.

ಹಗ್ಗ ಕಟ್ಟಿ, ಸ್ಟ್ರೆಚರಿಗೆ ಬಿಗಿದು, ಬಹಳ ನಿಧಾನ ಇಳಿಸಿದರು. ಇಳಿಯುವಾಗ ನಾನು ಕಣ್ಣು ಮುಚ್ಚಿದ್ದೆ. ನೆಲ ತಾಗಿದಾಗ ಬಾಯಮ್ಮ ಒದ್ದೆ ಬಟ್ಟೆಯಿಂದ ನನ್ನ ಬಾಯಿ ಒರೆಸಿದರು. ಅದರಲ್ಲಿದ್ದ ಎರಡು ಹನಿಯನ್ನು ನಾನು ಚೀಪಿದೆ. ನರ್ಸಮ್ಮ ನೋಡಿಯೂ ಏನೂ ಹೇಳಲಿಲ್ಲ.

108ರಲ್ಲಿ ಉಡುಪಿ ಕಡೆಯ ಒಂದು ಆಸ್ಪತ್ರೆಗೆ ಸೇರಿಸಿದರು. ತೊಡೆಯ ಮೂಳೆ ಎರಡು ತುಂಡು. ಒಳಗೇ ಬಹಳ ರಕ್ತ ಹೋಗಿತ್ತು. ಚರ್ಚಿನ ಯುವಕರು ಬಂದು ರಕ್ತ ಕೊಟ್ಟರು. ಮೂಳೆಯೊಳಗೆ ಉದ್ದದ ರಾಡ್ ಇಳಿಸಿ ಮೇಲೆ ಕೆಳಗೆ ಸ್ಕ್ರೂ ಹಾಕಿದರು. ಬಿಪಿಎಲ್ ಕಾರ್ಡ್ ಇದ್ದುದರಿಂದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಆಪರೇಷನ್ ಖರ್ಚು ಬಹುಪಾಲು ಹೋಯಿತು. ಉಳಿದದ್ದು, ಓಡಾಟ, ಔಷಧ, ಮನೆಖರ್ಚು ನಮ್ಮ ಮೇಲೆ ಬಂತು.

ಆಸ್ಪತ್ರೆಗೆ ಕಂಪನಿಯಿಂದ ಒಬ್ಬರು ಬಂದರು. ಹಣ್ಣು ತಂದಿದ್ದರು. ಚೆನ್ನಾಗಿಯೇ ಮಾತಾಡಿದರು. ಹೋಗುವ ಮೊದಲು ಒಂದು ಕಾಗದ ತೆಗೆದು, ಇದೊಂದು ಸಹಿ ಹಾಕಿ, ಸ್ವಲ್ಪ ಸಹಾಯ ಮಾಡಿಸುತ್ತೇವೆ ಎಂದರು. ಕಾಗದ ಇಂಗ್ಲಿಷಿನಲ್ಲಿತ್ತು. ‘ಮಗಳು ಬರಲಿ, ಓದಲಿ’ ಎಂದಳು ನನ್ನ ಹೆಂಡತಿ. ಮಗಳು ಓದಿ ಕನ್ನಡದಲ್ಲಿ ಹೇಳಿದಳು. ಕೆಲಸಗಾರನ ಅಜಾಗರೂಕತೆಯಿಂದ ಬಿದ್ದದ್ದು, ಕಂಪನಿಗೆ ಸಂಬಂಧವಿಲ್ಲ, ಮುಂದೆ ಯಾವ ಕ್ಲೇಮೂ ಇಲ್ಲ ಎಂದಿತ್ತು. ನಾನು ಸಹಿ ಹಾಕಲಿಲ್ಲ. ಅವರು ಮತ್ತೆ ಬರಲಿಲ್ಲ. ಫೋನ್ ಮಾಡಿದಾಗ, ನೀವು ನಮ್ಮ ನೌಕರರಲ್ಲ, ಸಬ್ ಕಾಂಟ್ರಾಕ್ಟ್ ಎಂದರು.

ಮನೆಗೆ ಬಂದ ಮೇಲಿನ ದಿನಗಳು ಆ ಮುಚ್ಚಿಗೆಯ ಮೇಲಿನ ಹೊತ್ತಿಗಿಂತ ಕಷ್ಟದವು. ಅಲ್ಲಿ ನೋವು ಬಿಟ್ಟರೆ ಬೇರೆ ಯೋಚನೆ ಇರಲಿಲ್ಲ. ಇಲ್ಲಿ ಎಲ್ಲವೂ ಇತ್ತು. ಹೊರಗೆ ಹೋಗಲು ಇಬ್ಬರು ಹಿಡಿಯಬೇಕು. ಸ್ನಾನಕ್ಕೆ ಹೆಂಡತಿ. ರಾತ್ರಿ ಅವಳು ಚಾವಡಿಯಲ್ಲಿ ಕೂತು ಬೀಡಿ ಕಟ್ಟುವ ಸದ್ದು. ಮೊದಲು ಊಟ ಆದ ಮೇಲೆ ಬೀಡಿಯ ಸೂಪು ಎತ್ತಿಡುತ್ತಿದ್ದಳು. ಈಗ ನಡುರಾತ್ರಿಯಾದರೂ ಎಲೆ ಕತ್ತರಿಸುವ ಸದ್ದು ನಿಲ್ಲುತ್ತಿರಲಿಲ್ಲ. ನನಗೆ ನಿದ್ದೆ ಬರುತ್ತಿರಲಿಲ್ಲ. ಯಾರಾದರೂ ಒಲೆಗೆ ಸೌದೆ ಮುರಿದರೆ ಮೈಯೆಲ್ಲ ಬೆವರುತ್ತಿತ್ತು. ಅಡುಗೆಮನೆಯಲ್ಲಿ ಸೌದೆ ಮುರಿಯುವುದನ್ನು ಅವಳು ಬಿಟ್ಟಳು. ಹಿತ್ತಲಲ್ಲಿ ಮುರಿದು ತರುತ್ತಿದ್ದಳು. ನಾನು ಹೇಳಿರಲಿಲ್ಲ. ಅವಳೇ ತಿಳಿದುಕೊಂಡಳು.

ಮಂಡಿ ಮಡಚುವ ವ್ಯಾಯಾಮ ಶುರುವಾಯಿತು. ಮಗಳು ಹಿಮ್ಮಡಿ ಹಿಡಿದು ಮಡಚುತ್ತಿದ್ದಳು. ನಾನು ಸಾಕು ಎನ್ನುವವರೆಗೆ ಅಲ್ಲ, ಫಿಸಿಯೋದವರು ಹೇಳಿದಷ್ಟು.

ಗರಿಗಳ ಭಾನುವಾರ, ಏಪ್ರಿಲ್ 13ಕ್ಕೆ, ಚರ್ಚಿನಲ್ಲಿ ನನಗಾಗಿ ಕಾಣಿಕೆ ಎತ್ತಿದರು. ಪ್ಯಾನೆಲ್ಲಿನ ದುಡ್ಡು ಮುಟ್ಟಬಾರದು, ಇದು ಬೇರೆಯೇ ಆಗಬೇಕು ಎಂದು ತೀರ್ಮಾನ ಮಾಡಿದ್ದರಂತೆ. ಫಾದರ್ ಮತ್ತು ಇಬ್ಬರು ಗುರಿಕಾರರು ಲಕೋಟೆ ತಂದು ಕೊಟ್ಟರು. ಅದೇ ರಿಜಿಸ್ಟರಿನ ಹೊಸ ಪುಟದಲ್ಲಿ ಹೆಸರುಗಳಿದ್ದವು. ಪ್ಯಾನೆಲ್ಲಿಗೆ ಕೊಟ್ಟವರೇ ಇದಕ್ಕೂ ಕೊಟ್ಟಿದ್ದರು. ತೆಗೆದುಕೊಳ್ಳಲು ಕಷ್ಟವಾಯಿತು. ತೆಗೆದುಕೊಂಡೆ. ಅಕ್ಕಿ ಮುಗಿಯುತ್ತ ಬಂದಿತ್ತು.

ಈಸ್ಟರಿನ ಮರುದಿನ, ಏಪ್ರಿಲ್ 21ರಂದು, ಪೋಪ್ ಫ್ರಾನ್ಸಿಸ್ ತೀರಿಕೊಂಡರು. ಚರ್ಚಿನ ಗಂಟೆ ಬಹಳ ಹೊತ್ತು ಬಾರಿಸಿತು. ಹಾಸಿಗೆಯಲ್ಲಿ ಮಲಗಿ ಕೇಳಿದೆ. ಆ ಮಾಡಿನ ಮೇಲೆ ಪ್ಯಾನೆಲ್ ಹಾಕುವ ಮಾತು ಎದ್ದಾಗ ಫಾದರ್ ಪೂಜೆಯಲ್ಲಿ ಹೇಳಿದ್ದು ಅವರ ಪತ್ರದ ಬಗ್ಗೆ. ಪ್ಯಾನೆಲ್‌ಗಳು ಇನ್ನೂ ಹಾಲಿನಲ್ಲಿ ರಟ್ಟಿನ ಪೆಟ್ಟಿಗೆಯೊಳಗೆ ಇದ್ದವು.

ಆ ವರ್ಷ ಮಳೆ ಬೇಗ ಬಂತು. ಮೇ 24ಕ್ಕೇ ಕೇರಳಕ್ಕೆ ಮುಂಗಾರು ಬಂದಿತ್ತು. ಅದಕ್ಕೂ ಮೊದಲೇ ನಮ್ಮಲ್ಲಿ ಜೋರು ಮಳೆ. ಮಾಡಿನ ತೂತಿಗೆ ಟಾರ್ಪಾಲು ಹಾಕಿ, ಸಿಕ್ಕಿದ ಹಳೆಯ ಹಂಚು ಹೊದಿಸಿದ್ದರು. ಆದರೂ ಒಳಗೆ ನೀರು ಇಳಿಯಿತು. ಮಳೆಗಾಲ ಪೂರ್ತಿ ಬೆಂಚಿನ ಸಾಲಿನ ನಡುವೆ ಬಕೆಟ್ ಇಟ್ಟು ಪೂಜೆ ನಡೆಯಿತಂತೆ.

ಮಳೆ ನಿಂತ ಮೇಲೆ ಒಬ್ಬ ಹಿರಿಯ ಆಚಾರಿಯನ್ನು ಕರೆಸಿದರು. ನಾನು ಕೋಲು ಹಿಡಿದು ಹೋಗಿ ಕೆಳಗೆ ಕುರ್ಚಿಯಲ್ಲಿ ಕೂತೆ. ಆತ ಒಳಗಿನಿಂದ ಒಂದೊಂದು ಪಕ್ಕಾಸಿಗೂ ಉಳಿ ಚುಚ್ಚಿ ನೋಡಿದ. ಮೂಲದ ಪಕ್ಕಾಸುಗಳು ಕಿರಾಲುಬೋಗಿ ಮರದ್ದು. ಉಳಿಯ ತುದಿಯೂ ಇಳಿಯಲಿಲ್ಲ. ನಡುವೆ ಯಾವುದೋ ಕಾಲದ ರಿಪೇರಿಯಲ್ಲಿ ಕೆಲವು ಪಕ್ಕಾಸು ಬದಲಿಸಿದ್ದರು. ಅವು ಮೆತ್ತನೆಯ ಕಾಡುಮರ. ಹೊರಗೆ ಕಪ್ಪು ಎಣ್ಣೆ ಬಳಿದು ಉಳಿದವುಗಳ ಹಾಗೇ ಕಾಣುತ್ತಿದ್ದವು. ಒಳಗೆ ಕುಟ್ಟೆ ಹುಳು ತಿಂದು ಹಿಟ್ಟು ಮಾಡಿತ್ತು. ನಾನು ಕಾಲಿಟ್ಟದ್ದು ಅಂಥದ್ದರ ಮೇಲೆ. ಮುರಿದ ತುಂಡನ್ನು ಆಚಾರಿ ನನ್ನ ಕೈಗೆ ಕೊಟ್ಟ. ತೂಕವೇ ಇರಲಿಲ್ಲ. ಬೆರಳಿನಿಂದ ಒತ್ತಿದರೆ ಪುಡಿ ಉದುರಿತು. ಆಚಾರಿಯ ಕೆಲಸ ಮುಗಿಯಲು ಎರಡು ದಿನ ಸಾಕಾಯಿತು. ಅವನ ಕೂಲಿ ಒಂದು ಪ್ಯಾನೆಲ್ಲಿನ ಬೆಲೆಗಿಂತ ಎಷ್ಟೋ ಕಡಿಮೆ.

ಹಾಳಾದ ಪಕ್ಕಾಸುಗಳನ್ನೆಲ್ಲ ಬದಲಿಸಿದರು. ಅದಕ್ಕೆ ದುಡ್ಡು ಹೊಂದಿಸಲು ಆ ವರ್ಷದ ಸಾಂತ್‌ಮಾರಿಯ ಲೈಟಿಂಗ್, ಬ್ಯಾಂಡು ಕಡಿಮೆ ಮಾಡುವುದೆಂದು ತೀರ್ಮಾನವಾಯಿತು. ಲೈಟಿಂಗ್ ನನ್ನದು. ಫಾದರ್ ನನ್ನನ್ನು ಕರೆದು ಕೇಳಿಯೇ ತೀರ್ಮಾನ ಮಾಡಿದರು. ಒಳ್ಳೆಯದು ಫಾದರ್, ಮಾಡು ಮೊದಲು ಎಂದೆ.

ಪ್ಯಾನೆಲ್ ಏರಿಸಲು ಬೇರೆ ತಂಡ ಬಂತು. ಈ ಸಲ ಸುತ್ತ ಅಟ್ಟಣೆ ಕಟ್ಟಿದರು. ಮಾಡಿನ ನೆತ್ತಿಯಿಂದ ಏಣಿಗಳನ್ನು ಇಳಿಬಿಟ್ಟು, ಅದರ ಮೇಲೆಯೇ ನಡೆದರು. ಹತ್ತಿದ ಎಲ್ಲರಿಗೂ ಬೆಲ್ಟ್ ಇತ್ತು. ಮುಚ್ಚಿಗೆಯ ಮೇಲೆ ಬಲೆ ಕಟ್ಟಿದ್ದರು. ನಾನು ನೆಲದ ಕೆಲಸ ಮಾಡಿದೆ. ಇನ್ವರ್ಟರ್ ಕೂರಿಸುವುದು, ಕೇಬಲ್ ಎಳೆಯುವುದು, ಅರ್ತಿಂಗ್. ನಮ್ಮ ಕಡೆ ಸಿಡಿಲು ಜಾಸ್ತಿ, ಮುರಕಲ್ಲಿನ ನೆಲಕ್ಕೆ ಕರೆಂಟ್ ಸುಲಭವಾಗಿ ಇಳಿಯುವುದಿಲ್ಲ. ಗುಂಡಿ ಆಳ ತೋಡಿಸಿದೆ. ಪ್ಯಾನೆಲ್‌ಗಳಿಗೆ ಬೆಳಕು ಬಿದ್ದರೆ ಸಾಕು, ತಂತಿಯಲ್ಲಿ ಕರೆಂಟ್ ಇರುತ್ತದೆ. ಹತ್ತು ಪ್ಯಾನೆಲ್ ಸಾಲಾಗಿ ಜೋಡಿಸಿದರೆ ನಾನೂರು ವೋಲ್ಟ್ ದಾಟುತ್ತದೆ. ಅದನ್ನು ಆರಿಸಲು ಹಗಲಿನಲ್ಲಿ ಆಗುವುದಿಲ್ಲ. ಹಾಗಾಗಿ ಕೊನೆಯ ಜೋಡಣೆಯನ್ನು ಸಂಜೆ ಹೊತ್ತು ಮುಳುಗಿದ ಮೇಲೆ ಮಾಡಿದೆ. ಕೈ ನಡುಗಲಿಲ್ಲ. ಏಣಿಯ ಮೊದಲ ಮೆಟ್ಟಿಲಿಗೆ ಕಾಲಿಟ್ಟಾಗ ನಡುಗಿತ್ತು. ಇಳಿದುಬಿಟ್ಟೆ. ಈಗಲೂ ಮಾಡು ಹತ್ತುವುದಿಲ್ಲ.

ಎರಡೂ ಕಡೆ ಓಡುವ ಮೀಟರ್ ಬಂತು. ಬಿಸಿಲಿನ ತಿಂಗಳಲ್ಲಿ ಖರ್ಚಾಗಿ ಉಳಿಯುತ್ತದೆ. ಉಳಿದದ್ದು ಲೈನಿಗೆ ಹೋಗಿ ಲೆಕ್ಕದಲ್ಲಿ ನಿಲ್ಲುತ್ತದೆ. ಉಳಿದ ಬಿಲ್ಲಿನ ದುಡ್ಡನ್ನು ಬಡಗಣ ಮಗ್ಗುಲಿನ ಪಕ್ಕಾಸುಗಳಿಗೆ ಎಂದು ಬೇರೆ ಖಾತೆಯಲ್ಲಿ ಇಡುತ್ತಿದ್ದಾರೆ. ಕೊಯ್ದ ಮುಚ್ಚಿಗೆಗೆ ಹೊಸ ಹಲಸಿನ ಹಲಗೆ ಹಾಕಿದ್ದಾರೆ. ಬಣ್ಣ ಬಳಿದಿಲ್ಲ.

ಈಗ ಬೇರೆ ಕಡೆಯಿಂದ ಹಳೆಯ ಕಟ್ಟಡಗಳ ಸೋಲಾರ್ ಕೆಲಸಕ್ಕೆ ನನ್ನನ್ನು ಕೇಳುತ್ತಾರೆ. ಚರ್ಚಿನವರು, ಒಂದು ದೇವಸ್ಥಾನದವರು, ಹಳೆಯ ಶಾಲೆಯವರು. ನಾನು ಮಾಡುವ ಲೆಕ್ಕದಲ್ಲಿ ಮೊದಲು ಬರೆಯುವುದು ಆಚಾರಿಯ ಪರೀಕ್ಷೆ, ಅಟ್ಟಣೆ, ಹತ್ತುವ ಪ್ರತಿಯೊಬ್ಬನಿಗೂ ಬೆಲ್ಟ್, ಇನ್ಶೂರೆನ್ಸ್. ಅವನ್ನು ತೆಗೆದರೆ ಎಷ್ಟಾಗುತ್ತದೆ ಎಂದು ಕೆಲವರು ಕೇಳುತ್ತಾರೆ. ಅವಿಲ್ಲದೆ ಬೇರೆಯವರ ಹತ್ತಿರ ಮಾಡಿಸಬೇಡಿ ಎಂದು ಬೇಡಿಕೊಳ್ಳುತ್ತೇನೆ. ಒಬ್ಬರು ಬೇರೆಯವರ ಹತ್ತಿರವೇ ಮಾಡಿಸಿದರು. ಆ ಕೆಲಸ ಮುಗಿಯುವವರೆಗೆ ನನಗೆ ನೆಮ್ಮದಿ ಇರಲಿಲ್ಲ.

ಬಲಗಾಲು ಸ್ವಲ್ಪ ಗಿಡ್ಡವಾಗಿದೆ. ಮಳೆಗಾಲದಲ್ಲಿ ನೋಯುತ್ತದೆ. ನಾನು ಬಿದ್ದಾಗ ಜಾರಿಯಲ್ಲಿದ್ದ 1923ರ ನೌಕರರ ಪರಿಹಾರ ಕಾಯ್ದೆಯ ಪ್ರಕಾರ, ಕಂಪನಿ ತನ್ನ ಕೆಲಸವನ್ನು ಸಬ್ ಕಾಂಟ್ರಾಕ್ಟಿಗೆ ಕೊಟ್ಟರೂ ಗಾಯಗೊಂಡವನ ಹೊಣೆ ಅದಕ್ಕೆ ತಪ್ಪುವುದಿಲ್ಲ ಎಂದು ವಕೀಲರು ಹೇಳಿದರು. ಚರ್ಚಿನ ಮೇಲೆ ಕೇಸ್ ಬೇಡ ಎಂದು ನಾನು ಮೊದಲೇ ಹೇಳಿದ್ದೆ. ಅದರ ಅಗತ್ಯವೇ ಇಲ್ಲ ಎಂದರು. ಕೇಸ್ ಹಾಕಿದ್ದೇವೆ. ಮುಂದಿನ ತಾರೀಕಿಗೆ ಸಂಬಳದ ಚೀಟಿ ತರಬೇಕಂತೆ. ನಮ್ಮ ಕೆಲಸದಲ್ಲಿ ಸಂಬಳದ ಚೀಟಿ ಎಂಬುದು ಇಲ್ಲ. ನಾಳೆ ಎಂಟು ಗಂಟೆಗೆ ಚರ್ಚಿನ ಹತ್ತಿರ ಬನ್ನಿ, ಮೇಲಿನ ಸಾಲು ನೀವೇ ಮಾಡಿ ಎಂದು ಕಂಪನಿಯವರು ಕಳಿಸಿದ ಮೆಸೇಜು ಮೊಬೈಲಿನಲ್ಲಿ ಉಂಟು. ಮಗಳು ಅದನ್ನು ಪ್ರಿಂಟ್ ತೆಗೆಸಿ, ಆಸ್ಪತ್ರೆಯ ಚೀಟಿಗಳ ಜೊತೆ ಫೈಲಿನಲ್ಲಿ ಇಟ್ಟಿದ್ದಾಳೆ.